ಟ್ರೇಡಿಂಗ್ ಸಂಸ್ಥೆಗಳಲ್ಲಿ ತಾಂತ್ರಿಕ ಸಪೋರ್ಟ್ ವೃತ್ತಿ: ಸೇರುವುದು, ಕಲಿಯುವುದು, ಬೆಳೆಯುವುದು

ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ, ಅಂದರೆ ಎನ್‌ಎಸ್‌ಇಯಲ್ಲಿ, ನಿತ್ಯದ ವಹಿವಾಟು ಶುರುವಾಗುವುದು ಬೆಳಿಗ್ಗೆ 9:15ಕ್ಕೆ. ಅದಕ್ಕೂ ಮುಂಚಿನ ಹದಿನೈದು ನಿಮಿಷ ಆರಂಭದ ಬೆಲೆಯನ್ನು ನಿರ್ಧರಿಸುವ ಪ್ರೀ-ಓಪನ್ ಅವಧಿ. ಬ್ರೋಕರ್ ಸಂಸ್ಥೆಗಳ ಮತ್ತು ಬ್ಯಾಂಕುಗಳ ತಾಂತ್ರಿಕ ಸಪೋರ್ಟ್ ತಂಡಗಳಿಗೆ ಮಾತ್ರ ದಿನ ಅದಕ್ಕಿಂತ ಬಹಳ ಮೊದಲೇ ಶುರುವಾಗಿರುತ್ತದೆ. ಹಿಂದಿನ ರಾತ್ರಿ ತಾವಾಗಿ ಓಡುವ ಬ್ಯಾಚ್ ಕೆಲಸಗಳು ಮುಗಿದಿವೆಯೇ, ಇಂದಿನ ಷೇರುಗಳ ಪಟ್ಟಿಯಿರುವ ಫೈಲ್ ಬಂದಿದೆಯೇ, ಗ್ರಾಹಕರ ವಹಿವಾಟಿನ ಮಿತಿಗಳು ಸರಿಯಾಗಿ ಲೋಡ್ ಆಗಿವೆಯೇ, ವಿನಿಮಯ ಕೇಂದ್ರದ ಜೊತೆಗಿನ ಸಂಪರ್ಕ ಕೂಡಿದೆಯೇ ಎಂದು ಒಂದೊಂದಾಗಿ ನೋಡಿಕೊಂಡು, ಮಾರುಕಟ್ಟೆ ತೆರೆಯುವ ಮುನ್ನ ಎಲ್ಲವೂ ಸರಿಯಿದೆ ಎಂಬ ಸಂದೇಶವನ್ನು ಅವರು ಕಳುಹಿಸಿರಬೇಕು. ಈ ಕೆಲಸಕ್ಕೆ ಕೆಲವು ಕಡೆ ಪ್ರೊಡಕ್ಷನ್ ಸಪೋರ್ಟ್ ಎಂದೂ, ಕೆಲವು ಕಡೆ ಅಪ್ಲಿಕೇಶನ್ ಸಪೋರ್ಟ್ ಅಥವಾ ಟ್ರೇಡ್ ಸಪೋರ್ಟ್ ಎಂದೂ ಹೆಸರು. ಬಿಇ, ಬಿಸಿಎ, ಬಿಎಸ್ಸಿ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರಿಗೆ, ಸಾಮಾನ್ಯ ಐಟಿ ಹೆಲ್ಪ್‌ಡೆಸ್ಕಿನಲ್ಲಿ ಎರಡು ಮೂರು ವರ್ಷ ಕಳೆದು ಮುಂದೇನು ಎಂದು ಯೋಚಿಸುತ್ತಿರುವವರಿಗೆ ಇದು ಗಂಭೀರವಾಗಿ ಪರಿಗಣಿಸಬೇಕಾದ ವೃತ್ತಿ.

ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಲಿನಕ್ಸ್, ಡೇಟಾಬೇಸ್, ಮಾನಿಟರಿಂಗ್ ಸಾಧನಗಳನ್ನು ಶ್ರದ್ಧೆಯಿಂದ ಕೂತರೆ ಕೆಲವು ತಿಂಗಳಲ್ಲಿ ಕಲಿಯಬಹುದು, ಮತ್ತು ಅವು ಬಲ್ಲವರು ಸಾವಿರಾರು ಮಂದಿ ಇದ್ದಾರೆ. ಈ ಕ್ಷೇತ್ರದಲ್ಲಿ ಒಬ್ಬ ಸಪೋರ್ಟ್ ಎಂಜಿನಿಯರಿಗೆ ನಿಜವಾದ ಬೆಲೆ ಬರುವುದು ಒಂದು ಆರ್ಡರ್ ಟ್ರೇಡರನ ಪರದೆಯಿಂದ ಹೊರಟು ಹಣ ಮತ್ತು ಷೇರು ಕೈಬದಲಾಗುವವರೆಗೆ ಯಾವ ಯಾವ ಹಂತ ದಾಟುತ್ತದೆ ಎಂಬುದನ್ನು ಆತ ಎಷ್ಟು ಚೆನ್ನಾಗಿ ಬಲ್ಲ ಎಂಬುದರಿಂದ. ಈ ಬರಹದ ಸಲಹೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ.

ಇಲ್ಲಿ ತಪ್ಪಿನ ಬೆಲೆ ಎಷ್ಟು

ಹೊಸಬರು ಓದಲೇಬೇಕಾದ ಒಂದು ಪ್ರಕರಣವಿದೆ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಬ್ರೋಕರ್ ಸಂಸ್ಥೆ 2012ರ ಆಗಸ್ಟ್ 1ರಂದು ಶುರುವಾಗಲಿದ್ದ ನ್ಯೂಯಾರ್ಕ್ ಷೇರುಪೇಟೆಯ ಹೊಸ ಯೋಜನೆಯೊಂದಕ್ಕೆ ಸಿದ್ಧವಾಗಲು ತನ್ನ ಆರ್ಡರ್ ಕಳುಹಿಸುವ ವ್ಯವಸ್ಥೆಗೆ ಹೊಸ ಪ್ರೋಗ್ರಾಂ ಹಾಕಿತ್ತು. ಎಂಟು ಸರ್ವರುಗಳ ಪೈಕಿ ಏಳಕ್ಕೆ ಅದು ಸೇರಿತ್ತು, ಎಂಟನೆಯದಕ್ಕೆ ಸೇರಿರಲಿಲ್ಲ. ಆ ಒಂದು ಸರ್ವರಿನಲ್ಲಿ ವರ್ಷಗಳಿಂದ ಬಳಕೆಯಲ್ಲಿರದ ಹಳೆಯ ಕೋಡ್ ಹಾಗೆಯೇ ಉಳಿದಿತ್ತು. ಆ ದಿನ ಮಾರುಕಟ್ಟೆ ತೆರೆದ ಕೂಡಲೇ ಅದು ಎಚ್ಚೆತ್ತು, ಗ್ರಾಹಕರ 212 ಆರ್ಡರುಗಳನ್ನು ಪೂರೈಸುವ ಭರದಲ್ಲಿ ಲಕ್ಷಾಂತರ ಆರ್ಡರುಗಳನ್ನು ಸುರಿಯಿತು. ಸುಮಾರು 45 ನಿಮಿಷದಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳು ನಡೆದುಹೋದವು. ಸಂಸ್ಥೆಗೆ ಆದ ನಷ್ಟ 46 ಕೋಟಿ ಡಾಲರಿಗೂ ಹೆಚ್ಚು ಎಂದು ಅಮೆರಿಕದ ಮಾರುಕಟ್ಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ 2013ರ ಅಕ್ಟೋಬರಿನ ಆದೇಶದಲ್ಲಿ ದಾಖಲಿಸಿ, 1.2 ಕೋಟಿ ಡಾಲರ್ ದಂಡ ವಿಧಿಸಿತು.

ಸಪೋರ್ಟ್ ಕೆಲಸಕ್ಕೆ ಬರುವವರು ಈ ಆದೇಶದಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಆ ದಿನ ಬೆಳಿಗ್ಗೆ ಎಂಟು ಗಂಟೆ ದಾಟಿದ ಕೂಡಲೇ, ಮಾರುಕಟ್ಟೆ ತೆರೆಯಲು ಇನ್ನೂ ಸುಮಾರು ಒಂದೂವರೆ ಗಂಟೆ ಇರುವಾಗಲೇ, ವ್ಯವಸ್ಥೆಯು ದೋಷವನ್ನು ಹೆಸರಿಸುವ ಇಮೇಲುಗಳನ್ನು ಸಿಬ್ಬಂದಿಗೆ ಕಳುಹಿಸತೊಡಗಿತ್ತು. ಮಾರುಕಟ್ಟೆ ತೆರೆಯುವ ಹೊತ್ತಿಗೆ ಅವು 97 ಆಗಿದ್ದವು. ಅವನ್ನು ತುರ್ತು ಎಚ್ಚರಿಕೆಯೆಂದು ಯಾರೂ ರೂಪಿಸಿರಲಿಲ್ಲವಾದ್ದರಿಂದ ಯಾರೂ ನೋಡಲಿಲ್ಲ. ಎರಡನೆಯದಾಗಿ, ತೊಂದರೆ ಶುರುವಾದ ಮೇಲೆ ಗಾಬರಿಯಲ್ಲಿ ಹೊಸ ಕೋಡನ್ನು ಸರಿಯಾಗಿದ್ದ ಏಳು ಸರ್ವರುಗಳಿಂದಲೂ ತೆಗೆದುಹಾಕಿದರು. ಅದರಿಂದ ಹಾನಿ ಇನ್ನಷ್ಟು ಹೆಚ್ಚಿತು. ಒಡೆತನವಿಲ್ಲದ ಅಲರ್ಟ್ ಮತ್ತು ಕಾರಣ ತಿಳಿಯದೆ ಮಾಡಿದ ದುರಸ್ತಿ, ಇವೆರಡನ್ನೂ ತಡೆಯುವುದೇ ಸಪೋರ್ಟ್ ತಂಡ ಇರುವುದರ ಉದ್ದೇಶ. ನಿಮ್ಮ ತಂಡಕ್ಕೆ ದಿನವೂ ಬರುವ ಇಮೇಲುಗಳಲ್ಲಿ ಯಾವುದನ್ನು ಎಲ್ಲರೂ ‘ಇದು ದಿನಾ ಬರುತ್ತದೆ ಬಿಡಿ’ ಎಂದು ಬದಿಗಿಡುತ್ತಾರೋ ಅದರ ಅರ್ಥವನ್ನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕೇಳಿ ತಿಳಿದುಕೊಳ್ಳಿ.

ಆರ್ಡರಿನ ಹಾದಿ

ಟ್ರೇಡರ್ ಖರೀದಿಯ ಗುಂಡಿ ಒತ್ತಿದಾಗ ಆರ್ಡರ್ ಮೊದಲು ಸಂಸ್ಥೆಯ ಆರ್ಡರ್ ನಿರ್ವಹಣಾ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಅಲ್ಲಿಂದ ರಿಸ್ಕ್ ತಪಾಸಣೆಗೆ ಹೋಗುತ್ತದೆ: ಗ್ರಾಹಕನಿಗೆ ಇಷ್ಟು ಮಿತಿ ಇದೆಯೇ, ಪ್ರಮಾಣ ಅಸಹಜವಾಗಿದೆಯೇ, ಬೆಲೆ ಮಾರುಕಟ್ಟೆಯಿಂದ ತೀರಾ ದೂರವಿದೆಯೇ. ತಪಾಸಣೆ ದಾಟಿದರೆ ಗೇಟ್‌ವೇ ಮೂಲಕ ವಿನಿಮಯ ಕೇಂದ್ರಕ್ಕೆ ತಲುಪಿ, ಅಲ್ಲಿಯ ಮ್ಯಾಚಿಂಗ್ ಎಂಜಿನ್ನಿನಲ್ಲಿ ಎದುರಿನ ಆರ್ಡರಿಗಾಗಿ ಕಾಯುತ್ತದೆ. ಹೊಂದಾಣಿಕೆಯಾದರೆ ಆ ಸುದ್ದಿ ಬಂದ ದಾರಿಯಲ್ಲೇ ಹಿಂದಿರುಗಿ ಟ್ರೇಡರನ ಪರದೆ, ಲಾಭ-ನಷ್ಟದ ಲೆಕ್ಕ, ರಿಸ್ಕ್ ವ್ಯವಸ್ಥೆ ಎಲ್ಲವನ್ನೂ ಮುಟ್ಟುತ್ತದೆ. ಸಂಜೆಯ ಮೇಲೆ ವಹಿವಾಟುಗಳ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್ನಿನ ಫೈಲುಗಳ ಜೊತೆ ಸಂಸ್ಥೆಯ ಲೆಕ್ಕ ತಾಳೆಯಾಗಬೇಕು, ಗ್ರಾಹಕರಿಗೆ ಆ ದಿನದ ವಹಿವಾಟಿನ ವಿವರವಿರುವ ಕಾಂಟ್ರಾಕ್ಟ್ ನೋಟ್ ಹೋಗಬೇಕು, ಮರುದಿನ ಹಣ ಮತ್ತು ಷೇರುಗಳು ಕೈಬದಲಾಗಬೇಕು.

ಈ ಕೊನೆಯ ಹಂತ ಈಚೆಗೆ ಬಹಳ ಬಿಗಿಯಾಗಿದೆ. ಭಾರತದಲ್ಲಿ ಎಲ್ಲ ಷೇರುಗಳೂ 2023ರ ಜನವರಿ 27ರಿಂದ ವಹಿವಾಟಿನ ಮರುದಿನವೇ ಹಣ, ಷೇರು ಕೈಬದಲಾಗುವ ಸೆಟಲ್‌ಮೆಂಟಿಗೆ, ಅಂದರೆ ಟಿ+1ಕ್ಕೆ, ಬದಲಾದವು. ಅಮೆರಿಕ 2024ರ ಮೇ 28ರಂದು ಅದೇ ದಾರಿ ಹಿಡಿಯಿತು. ಸಪೋರ್ಟ್ ತಂಡದ ಮಟ್ಟಿಗೆ ಇದರ ಅರ್ಥ ಸರಳ: ರಾತ್ರಿಯ ಬ್ಯಾಚಿನಲ್ಲಿ ತಪ್ಪಾದರೆ ಸರಿಪಡಿಸಲು ಮೊದಲು ಸಿಗುತ್ತಿದ್ದ ಇನ್ನೊಂದು ಹಗಲು ಈಗ ಸಿಗುವುದಿಲ್ಲ.

ಹಾದಿಯನ್ನು ಪೂರ್ತಿ ತಿಳಿದಿರುವುದು ಏಕೆ ಮುಖ್ಯ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2021ರ ಫೆಬ್ರುವರಿ 24ರಂದು ಎನ್‌ಎಸ್‌ಇಯಲ್ಲಿ ಬೆಳಿಗ್ಗೆ 11:40ಕ್ಕೆ ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ, ಮತ್ತು ಅಂದು ಮಾರುಕಟ್ಟೆಯನ್ನು ಸಂಜೆ 5ರವರೆಗೆ ವಿಸ್ತರಿಸಲಾಯಿತು. ವಿನಿಮಯ ಕೇಂದ್ರ ಕೊಟ್ಟ ವಿವರಣೆಯಂತೆ, ಇಬ್ಬರು ದೂರಸಂಪರ್ಕ ಸೇವಾದಾರರ ಲಿಂಕುಗಳು ಅಸ್ಥಿರವಾಗಿ, ಕ್ಲಿಯರಿಂಗ್ ಸಂಸ್ಥೆಯ ರಿಸ್ಕ್ ನಿರ್ವಹಣಾ ವ್ಯವಸ್ಥೆ ಕೈಗೆ ಸಿಗದಂತಾಗಿತ್ತು. ರಿಸ್ಕ್ ನೋಡುವ ಕಣ್ಣು ಮುಚ್ಚಿದಾಗ ವಹಿವಾಟನ್ನು ಮುಂದುವರಿಸುವಂತಿಲ್ಲ. ಇಂಥ ದಿನ ಬ್ರೋಕರ್ ಸಂಸ್ಥೆಯ ಸಪೋರ್ಟ್ ಮೇಜಿಗೆ ಬರುವ ನೂರು ಕರೆಗಳಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಒಂದೇ, ತೊಂದರೆ ನಮ್ಮಲ್ಲಿದೆಯೋ ಹೊರಗಿದೆಯೋ ಎಂಬುದು. ಹಾದಿ ಗೊತ್ತಿಲ್ಲದವರು ಅದನ್ನು ತೀರ್ಮಾನಿಸಲಾರರು.

ಆರ್ಡರಿನ ಹಾದಿಯಲ್ಲಿ ಬಹಳಷ್ಟು ಕಡೆ ಮಾತು ನಡೆಯುವುದು ಫಿಕ್ಸ್ ಎಂಬ ಪ್ರೋಟೋಕಾಲಿನಲ್ಲಿ. 1992ರಲ್ಲಿ ಫಿಡೆಲಿಟಿ ಮತ್ತು ಸಾಲೊಮನ್ ಬ್ರದರ್ಸ್ ಸಂಸ್ಥೆಗಳ ನಡುವೆ ಫೋನಿನ ಬದಲು ಕಂಪ್ಯೂಟರಿನಲ್ಲಿ ಷೇರು ವಹಿವಾಟಿನ ಮಾಹಿತಿ ಕಳುಹಿಸಲೆಂದು ಹುಟ್ಟಿದ ಇದು ಇಂದು ಜಗತ್ತಿನ ಬಹುಪಾಲು ಬ್ರೋಕರ್, ಬ್ಯಾಂಕ್, ಫಂಡುಗಳ ಸಾಮಾನ್ಯ ಭಾಷೆ. ಪ್ರತಿ ಮಾಹಿತಿಗೂ ಒಂದು ಸಂಖ್ಯೆ ಇರುತ್ತದೆ: 35 ಸಂದೇಶದ ಬಗೆ, 11 ಕಳುಹಿಸಿದವರು ಆರ್ಡರಿಗೆ ಕೊಟ್ಟ ಗುರುತು, 37 ಸ್ವೀಕರಿಸಿದವರು ಕೊಟ್ಟ ಗುರುತು, 54 ಖರೀದಿಯೋ ಮಾರಾಟವೋ, 55 ಯಾವ ಷೇರು, 38 ಎಷ್ಟು, 44 ಯಾವ ಬೆಲೆಗೆ, 39 ಆರ್ಡರಿನ ಸ್ಥಿತಿ. ಲಾಗ್ ಫೈಲಿನಲ್ಲಿ ನಿಮಗೆ ಇಂಥ ಒಂದು ಸಾಲು ಕಾಣುತ್ತದೆ ಎಂದುಕೊಳ್ಳಿ:

35=8 | 11=ಎ1047 | 39=8 | 54=1 | 55=ಇನ್ಫಿ | 38=5000 | 58=ಬೆಲೆ ಮಿತಿಯ ಹೊರಗಿದೆ

35ರ ಮುಂದೆ 8 ಇದ್ದರೆ ಇದು ಆರ್ಡರಿನ ಬಗ್ಗೆ ಬಂದ ವರದಿ. 39ರ ಮುಂದೆ 8 ಇದ್ದರೆ ಆರ್ಡರ್ ತಿರಸ್ಕೃತವಾಗಿದೆ. 54ರ ಮುಂದೆ 1 ಇದ್ದರೆ ಖರೀದಿ. 58 ಕಾರಣದ ಒಕ್ಕಣೆ. ಇನ್ಫೋಸಿಸ್‌ನ ಐದು ಸಾವಿರ ಷೇರು ಕೊಳ್ಳುವ ಆರ್ಡರ್ ಬೆಲೆ ಮಿತಿಯ ಕಾರಣಕ್ಕೆ ವಾಪಸಾಗಿದೆ ಎಂದು ನೀವು ಹತ್ತು ಸೆಕೆಂಡಿನಲ್ಲಿ ಹೇಳಬಲ್ಲಿರಾದರೆ ಟ್ರೇಡರಿಗೆ ನೀವು ಬೇಕಾದವರು. ಇಷ್ಟಕ್ಕೇ ನಿಲ್ಲದೆ, ತಿರಸ್ಕರಿಸಿದ್ದು ನಮ್ಮದೇ ರಿಸ್ಕ್ ವ್ಯವಸ್ಥೆಯೋ ವಿನಿಮಯ ಕೇಂದ್ರವೋ ಎಂದು ಮುಂದಿನ ಹೆಜ್ಜೆಯಲ್ಲಿ ನೋಡಬೇಕು. ಅದಕ್ಕೆ ಗೇಟ್‌ವೇಯ ಲಾಗಿನಲ್ಲಿ ಅದೇ ಎ1047 ಗುರುತು ಹೊರಗೆ ಹೋಗಿದೆಯೇ ಎಂದು ಹುಡುಕಿದರಾಯಿತು. ಹೋಗಿರದಿದ್ದರೆ ಅದು ಮನೆಯೊಳಗಿನ ನಿರ್ಧಾರ. ಹೀಗೆ ಒಂದೇ ಗುರುತನ್ನು ಹಿಡಿದು ಒಂದು ವ್ಯವಸ್ಥೆಯ ಲಾಗಿನಿಂದ ಇನ್ನೊಂದರ ಲಾಗಿಗೆ ಹೋಗುವ ಅಭ್ಯಾಸವೇ ಈ ಕೆಲಸದ ಅರ್ಧ ಪಾಲು. ದಾರಿಯಲ್ಲಿ ಕೆಲವು ವ್ಯವಸ್ಥೆಗಳು ಆ ಗುರುತನ್ನು ಬದಲಿಸುತ್ತವೆ ಎಂಬುದನ್ನು ಮಾತ್ರ ನೆನಪಿಡಿ. ಎಲ್ಲಿ ಬದಲಾಗುತ್ತದೆ ಎಂಬ ಪಟ್ಟಿಯನ್ನು ಸ್ವಂತಕ್ಕೆ ಬರೆದಿಟ್ಟುಕೊಂಡವರು ತಂಡದಲ್ಲಿ ಬಹುಬೇಗ ಎದ್ದು ಕಾಣುತ್ತಾರೆ.

ಮನೆಯಲ್ಲೇ ಮಾಡಬಹುದಾದ ತಯಾರಿ

ತಾಂತ್ರಿಕವಾಗಿ ಬೇಕಾದದ್ದು ಹೆಚ್ಚೇನಲ್ಲ, ಆದರೆ ಬೇಕಾದಷ್ಟು ಗಟ್ಟಿಯಾಗಿ ಬೇಕು. ಲಿನಕ್ಸಿನಲ್ಲಿ ದೊಡ್ಡ ಲಾಗ್ ಫೈಲುಗಳನ್ನು ಗ್ರೆಪ್, ಆಕ್, ಸೆಡ್, ಲೆಸ್, ಟೇಲ್ ಬಳಸಿ ಶೋಧಿಸಲು ಬರಬೇಕು. ಡಿಸ್ಕ್ ತುಂಬಿದೆಯೇ, ಪ್ರೊಸೆಸ್ ಬದುಕಿದೆಯೇ, ಪೋರ್ಟ್ ತೆರೆದಿದೆಯೇ ಎಂದು ಯೋಚಿಸದೆಯೇ ಕೈ ಟೈಪ್ ಮಾಡುವಂತಿರಬೇಕು. ಎಸ್‌ಕ್ಯೂಎಲ್‌ನಲ್ಲಿ ಎರಡು ಮೂರು ಟೇಬಲ್ಲುಗಳನ್ನು ಜೋಡಿಸಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ವಹಿವಾಟುಗಳನ್ನು ಹೊರತೆಗೆಯಲು ಬರಬೇಕು, ಏಕೆಂದರೆ ಲೆಕ್ಕ ತಾಳೆಯಾಗದ ಸಂಜೆಗಳಲ್ಲಿ ಕೇಳುವ ಪ್ರಶ್ನೆ ಅದೇ. ಪೈಥಾನ್ ಅಥವಾ ಶೆಲ್ ಸ್ಕ್ರಿಪ್ಟಿಂಗ್ ಒಂದಾದರೂ ಇರಲಿ. ಗೊತ್ತುಪಡಿಸಿದ ಹೊತ್ತಿಗೆ ಕೆಲಸಗಳನ್ನು ತಾವಾಗಿ ಓಡಿಸುವ ಆಟೋಸಿಸ್, ಕಂಟ್ರೋಲ್-ಎಂ ಎಂಬ ಜಾಬ್ ಶೆಡ್ಯೂಲರುಗಳು, ಜಿನಿಯೋಸ್, ಸ್ಪ್ಲಂಕ್, ಗ್ರಫಾನಾದಂಥ ಮಾನಿಟರಿಂಗ್ ಸಾಧನಗಳು, ಬಂದ ದೂರುಗಳನ್ನು ದಾಖಲಿಸುವ ಸರ್ವಿಸ್‌ನೌ ಎಂಬ ಟಿಕೆಟ್ ವ್ಯವಸ್ಥೆ, ಇವು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವಂಥವು. ಸೇರಿದ ಮೇಲೆ ಕಲಿತರೆ ಸಾಕು.

ಅಭ್ಯಾಸಕ್ಕೆ ನಾನು ಯಾವಾಗಲೂ ಸೂಚಿಸುವ ಕೆಲಸ ಇದು. ಎನ್‌ಎಸ್‌ಇ ಪ್ರತಿ ವಹಿವಾಟಿನ ದಿನದ ಕೊನೆಗೆ ಎಲ್ಲ ಷೇರುಗಳ ಬೆಲೆ, ಪ್ರಮಾಣಗಳಿರುವ ‘ಭಾವ್‌ಕಾಪಿ’ ಎಂಬ ಫೈಲನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಅದನ್ನು ದಿನವೂ ಇಳಿಸಿಕೊಂಡು ನಿಮ್ಮ ಲ್ಯಾಪ್‌ಟಾಪಿನ ಡೇಟಾಬೇಸಿಗೆ ಸೇರಿಸುವ ಒಂದು ಸ್ಕ್ರಿಪ್ಟ್ ಬರೆಯಿರಿ. ಆಮೇಲೆ ಅದಕ್ಕೆ ತಪಾಸಣೆಗಳನ್ನು ಸೇರಿಸುತ್ತ ಹೋಗಿ: ಫೈಲ್ ಇನ್ನೂ ಬಂದಿಲ್ಲದಿದ್ದರೆ ಎಚ್ಚರಿಸಬೇಕು, ಸಾಲುಗಳ ಸಂಖ್ಯೆ ನಿನ್ನೆಗಿಂತ ತೀರಾ ಕಡಿಮೆಯಿದ್ದರೆ ಎಚ್ಚರಿಸಬೇಕು, ಯಾವುದಾದರೂ ಷೇರಿನ ಬೆಲೆ ಒಂದೇ ದಿನಕ್ಕೆ ಅರ್ಧವಾಗಿದ್ದರೆ ಎಚ್ಚರಿಸಬೇಕು. ಕೆಲವೇ ವಾರಗಳಲ್ಲಿ ಆ ಮೂರನೆಯ ಎಚ್ಚರಿಕೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ. ಹುಡುಕಿ ನೋಡಿದರೆ ಕಂಪನಿ ಒಂದಕ್ಕೆ ಒಂದು ಬೋನಸ್ ಷೇರು ಕೊಟ್ಟಿರುತ್ತದೆ ಅಥವಾ ಷೇರನ್ನು ವಿಭಜಿಸಿರುತ್ತದೆ. ಸರ್ಕಾರಿ ರಜೆಯ ದಿನ ಮೊದಲ ಎಚ್ಚರಿಕೆ ಹೊಡೆದುಕೊಳ್ಳುತ್ತದೆ. ಇವನ್ನೆಲ್ಲ ಸರಿಪಡಿಸುತ್ತ ಹೋದಂತೆ ಮಾರುಕಟ್ಟೆಯ ವಿದ್ಯಮಾನವನ್ನೂ ವ್ಯವಸ್ಥೆಯ ದೋಷವನ್ನೂ ಬೇರ್ಪಡಿಸಿ ನೋಡುವ ದೃಷ್ಟಿ ತಾನಾಗಿ ಬೆಳೆಯುತ್ತದೆ, ಮತ್ತು ಸಂದರ್ಶನದಲ್ಲಿ ಹೇಳಿಕೊಳ್ಳಲು ನಿಮ್ಮದೇ ಆದ ಒಂದು ಕೆಲಸ ಇರುತ್ತದೆ. ಫಿಕ್ಸ್ ಕಲಿಯುವುದಕ್ಕೆ ಕ್ವಿಕ್‌ಫಿಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಅದರ ಮಾದರಿ ಪ್ರೋಗ್ರಾಂಗಳನ್ನು ಒಂದೇ ಯಂತ್ರದಲ್ಲಿ ಎರಡು ಕಡೆ ಓಡಿಸಿ, ನಡುವೆ ಸಂಪರ್ಕ ಕಡಿದು, ಮತ್ತೆ ಕೂಡಿದಾಗ ಸಂದೇಶಗಳ ಅನುಕ್ರಮ ಸಂಖ್ಯೆಗಳು ಹೇಗೆ ಹೊಂದಿಕೊಳ್ಳುತ್ತವೆ ಎಂದು ನೋಡಿ.

ಮಾರುಕಟ್ಟೆಯ ಜ್ಞಾನಕ್ಕೆ ಭಾರತದ ಮಾರುಕಟ್ಟೆ ನಿಯಂತ್ರಕ ಸಂಸ್ಥೆಯಾದ ಸೆಬಿ ಸ್ಥಾಪಿಸಿರುವ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳಿವೆ. ಸೆಕ್ಯುರಿಟೀಸ್ ಆಪರೇಷನ್ಸ್ ಮತ್ತು ರಿಸ್ಕ್ ಮ್ಯಾನೇಜ್‌ಮೆಂಟ್ ಕುರಿತ 7ನೇ ಸರಣಿಯ ಪರೀಕ್ಷೆಯ ಪಠ್ಯ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪರೀಕ್ಷೆ ಬರೆಯದಿದ್ದರೂ ಆ ಪುಸ್ತಕವನ್ನು ಓದಿ. ಐಟಿ ಸೇವೆಗಳ ನಿರ್ವಹಣೆಗೆ ಸಂಬಂಧಿಸಿದ ಐಟಿಐಎಲ್ ಪ್ರಮಾಣಪತ್ರವನ್ನು ಕೆಲವು ದೊಡ್ಡ ಬ್ಯಾಂಕುಗಳು ಕೇಳುತ್ತವೆ, ಆದರೆ ಅದೊಂದರಿಂದಲೇ ಯಾರಿಗೂ ಕೆಲಸ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಗಡಿಯಾರ ಮತ್ತು ಕ್ಯಾಲೆಂಡರ್

ಬೆಂಗಳೂರಿನಲ್ಲಿ ಕೂತು ವಿದೇಶಿ ಮಾರುಕಟ್ಟೆಗಳಿಗೆ ಸಪೋರ್ಟ್ ಕೊಡುವವರು ಮೊದಲು ಅರಗಿಸಿಕೊಳ್ಳಬೇಕಾದದ್ದು ಸಮಯ. ಟೋಕಿಯೊ ನಮ್ಮ ಬೆಳಗಿನ 5:30ಕ್ಕೆ, ಹಾಂಗ್‌ಕಾಂಗ್ 7ಕ್ಕೆ ತೆರೆಯುತ್ತವೆ. ಇವು ವರ್ಷವಿಡೀ ಬದಲಾಗುವುದಿಲ್ಲ. ಲಂಡನ್ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 1:30ಕ್ಕೆ, ಬೇಸಿಗೆಯಲ್ಲಿ 12:30ಕ್ಕೆ. ನ್ಯೂಯಾರ್ಕ್ ಚಳಿಗಾಲದಲ್ಲಿ ರಾತ್ರಿ 8ಕ್ಕೆ, ಬೇಸಿಗೆಯಲ್ಲಿ 7ಕ್ಕೆ. ತೊಡಕು ಬರುವುದು ಮಾರ್ಚ್ ತಿಂಗಳಲ್ಲಿ. ಅಮೆರಿಕ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್ ಒಂದು ಗಂಟೆ ಮುಂಚೆ ತೆರೆಯುತ್ತದೆ, ಲಂಡನ್ ಹಳೆಯ ಹೊತ್ತಿಗೇ ತೆರೆಯುತ್ತದೆ. ಭಾರತದ ಸಮಯಕ್ಕೆ ಹೊಂದಿಸಿಟ್ಟ ಜಾಬ್ ಒಂದು ನ್ಯೂಯಾರ್ಕಿನ ಬೆಲೆಗಳನ್ನು ತರುವ ಫೈಲಿಗಾಗಿ ರಾತ್ರಿ 7:30ಕ್ಕೆ ಓಡುತ್ತಿತ್ತು ಎಂದುಕೊಳ್ಳಿ. ಶುಕ್ರವಾರದವರೆಗೆ ಮಾರುಕಟ್ಟೆಗೆ ಅರ್ಧ ಗಂಟೆ ಮುಂಚೆ ಮುಗಿಯುತ್ತಿದ್ದ ಅದು ಸೋಮವಾರ ಮಾರುಕಟ್ಟೆ ತೆರೆದು ಅರ್ಧ ಗಂಟೆಯಾದ ಮೇಲೆ ಓಡುತ್ತದೆ, ಅಷ್ಟು ಹೊತ್ತು ಟ್ರೇಡರುಗಳು ಹಳೆಯ ಬೆಲೆಗಳನ್ನು ನೋಡುತ್ತಿರುತ್ತಾರೆ. ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ಜಾಬೂ ವಿಫಲವಾಗಿಲ್ಲ, ಆದ್ದರಿಂದ ಯಾವ ಅಲರ್ಟೂ ಬರುವುದಿಲ್ಲ. ನವೆಂಬರಿನ ಮೊದಲ ಭಾನುವಾರದ ಸುತ್ತ ಇದೇ ತೊಡಕು ತಿರುಗಿ ಬರುತ್ತದೆ. ಫೆಬ್ರುವರಿಯಲ್ಲೇ ಇಂಥ ಜಾಬುಗಳ ಪಟ್ಟಿ ಮಾಡಿ ತಂಡದ ಮುಂದಿಡುವ ಹೊಸಬನನ್ನು ಯಾವ ಮೇಲಧಿಕಾರಿಯೂ ಮರೆಯುವುದಿಲ್ಲ.

ಕ್ಯಾಲೆಂಡರಿನಲ್ಲೂ ಇಂಥ ವಿಶೇಷ ದಿನಗಳಿವೆ. ದೀಪಾವಳಿಯಂದು ಶುಭಾರಂಭಕ್ಕೆಂದು ಸುಮಾರು ಒಂದು ಗಂಟೆ ನಡೆಯುವ ಮುಹೂರ್ತ ವಹಿವಾಟು ಬಹುಕಾಲ ಸಂಜೆ ನಡೆಯುತ್ತಿತ್ತು. 2025ರ ಅಕ್ಟೋಬರ್ 21ರಂದು ಅದನ್ನು ಮಧ್ಯಾಹ್ನ 1:45ರಿಂದ 2:45ರವರೆಗೆ ಇಟ್ಟರು. ಹಿಂದಿನ ವರ್ಷದ ಶೆಡ್ಯೂಲನ್ನೇ ನಕಲು ಮಾಡುವ ತಂಡಕ್ಕೆ ಇಂಥ ದಿನ ಕಷ್ಟ ತಪ್ಪಿದ್ದಲ್ಲ. ಹಾಗೆಯೇ, ಮುಖ್ಯ ಕೇಂದ್ರ ಕೈಕೊಟ್ಟರೆ ಪರ್ಯಾಯ ಕೇಂದ್ರದಿಂದ ವಹಿವಾಟು ನಡೆಸುವ ಸಿದ್ಧತೆಯನ್ನು ಪರೀಕ್ಷಿಸಲು 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ನಿಜವಾದ ವಹಿವಾಟನ್ನೇ ನಡೆಸಲಾಯಿತು. ಶನಿವಾರ ಕೆಲಸ ಎಂದು ಬೇಸರಪಡದೆ ಇಂಥ ದಿನಗಳಿಗೆ ನೀವಾಗಿ ಹೆಸರು ಕೊಡಿ. 2020ರ ಅಕ್ಟೋಬರ್ 1ರಂದು ಟೋಕಿಯೊ ಷೇರುಪೇಟೆ ಇಡೀ ದಿನ ಮುಚ್ಚಿದ್ದು ಒಂದು ಸಾಧನ ಕೆಟ್ಟಿತೆಂದಷ್ಟೇ ಅಲ್ಲ, ಅದು ಕೆಟ್ಟಾಗ ತಾನಾಗಿ ಕೆಲಸ ವಹಿಸಿಕೊಳ್ಳಬೇಕಿದ್ದ ಪರ್ಯಾಯ ವ್ಯವಸ್ಥೆ ವಹಿಸಿಕೊಳ್ಳಲಿಲ್ಲವೆಂದು. ಅದರ ಹೊಣೆ ಹೊತ್ತು ಷೇರುಪೇಟೆಯ ಅಧ್ಯಕ್ಷರು ಆ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು.

ತೊಂದರೆ ನಡೆಯುತ್ತಿರುವಾಗ

ಮಾರುಕಟ್ಟೆ ತೆರೆದಿರುವಾಗ ವ್ಯವಸ್ಥೆ ಕೈಕೊಟ್ಟರೆ ಮೊದಲ ಐದು ನಿಮಿಷದಲ್ಲಿ ನೀವು ಏನು ಹೇಳುತ್ತೀರಿ ಎಂಬುದು ನೀವು ಏನು ಮಾಡುತ್ತೀರಿ ಎಂಬುದರಷ್ಟೇ ಮುಖ್ಯ. ‘ಗೇಟ್‌ವೇ ಎರಡರಲ್ಲಿ ತೊಂದರೆಯಿದೆ, ತಂಡ ಪರಿಶೀಲಿಸುತ್ತಿದೆ’ ಎಂಬ ಸಂದೇಶದಿಂದ ಟ್ರೇಡರಿಗೆ ಯಾವ ಪ್ರಯೋಜನವೂ ಇಲ್ಲ. ಅದರ ಬದಲು ಹೀಗೆ ಬರೆಯಬಹುದು: ‘11:42ರಿಂದ ಎನ್‌ಎಸ್‌ಇಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆರ್ಡರುಗಳಿಗೆ ಉತ್ತರ ಬರುತ್ತಿಲ್ಲ. ನಗದು ಮಾರುಕಟ್ಟೆ ಮಾಮೂಲಾಗಿದೆ. ಈಗಾಗಲೇ ಕಳುಹಿಸಿರುವ ಆರ್ಡರುಗಳು ವಿನಿಮಯ ಕೇಂದ್ರದಲ್ಲಿ ಜೀವಂತವಾಗಿವೆಯೆಂದೇ ಭಾವಿಸಿ, ಅವನ್ನೇ ಮತ್ತೆ ಕಳುಹಿಸಬೇಡಿ. ಮುಂದಿನ ಮಾಹಿತಿ 11:55ಕ್ಕೆ.’ ಯಾವಾಗಿನಿಂದ, ಯಾರಿಗೆ, ಯಾರಿಗೆ ಇಲ್ಲ, ಈಗ ಏನು ಮಾಡಬಾರದು, ಮತ್ತೆ ಯಾವಾಗ ಹೇಳುತ್ತೀರಿ ಎಂಬ ಎಲ್ಲವೂ ಅದರಲ್ಲಿವೆ. 11:55ಕ್ಕೆ ಹೇಳಲು ಹೊಸದೇನೂ ಇಲ್ಲದಿದ್ದರೂ, ಇಲ್ಲ ಎಂದೇ ಹೇಳಿ. ಹೇಳಿದ ಹೊತ್ತಿಗೆ ಸುಮ್ಮನಿದ್ದರೆ ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ರೀಸ್ಟಾರ್ಟ್ ಮಾಡುವ ಆತುರವನ್ನು ಹಿಡಿದಿಟ್ಟುಕೊಳ್ಳಬೇಕು. ಬೇರೆ ಕ್ಷೇತ್ರಗಳಲ್ಲಿ ಅದು ಬಹುಪಾಲು ನಿರುಪದ್ರವಿ. ಇಲ್ಲಿ ಪ್ರೊಸೆಸ್ ಸತ್ತರೂ ಅದು ಕಳುಹಿಸಿದ ಆರ್ಡರುಗಳು ಹೊರಗೆ ಬದುಕಿರಬಹುದು, ಮರಳಿ ಎದ್ದ ಪ್ರೊಸೆಸ್ಸಿಗೆ ಅವುಗಳ ನೆನಪೇ ಇಲ್ಲದಿರಬಹುದು, ಅನುಕ್ರಮ ಸಂಖ್ಯೆಯನ್ನು ಅವಸರದಲ್ಲಿ ಮತ್ತೆ ಮೊದಲಿಗೆ ತಂದರೆ ನಡುವೆ ಬಂದ ವಹಿವಾಟಿನ ಸುದ್ದಿಗಳೇ ಕಳೆದುಹೋಗಬಹುದು. ಲಾಗುಗಳನ್ನು ಮೊದಲು ಪಕ್ಕಕ್ಕೆ ನಕಲು ಮಾಡಿ, ತೆರೆದಿರುವ ಆರ್ಡರುಗಳ ಸ್ಥಿತಿಯನ್ನು ವಿನಿಮಯ ಕೇಂದ್ರದ ಕಡೆಯಿಂದ ಖಚಿತಪಡಿಸಿಕೊಂಡು, ವ್ಯವಹಾರದ ಕಡೆಯವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದ ಮೇಲಷ್ಟೇ ಕೈ ಹಾಕಿ.

ತೊಂದರೆ ತೀರಿದ ಮೇಲೆ ಬರೆಯುವ ಕಾರಣ ವಿಶ್ಲೇಷಣೆ ನಿಮ್ಮ ವೃತ್ತಿಯನ್ನು ಬೆಳೆಸುವ ದಾಖಲೆ. ಸೆಬಿ 2022ರ ನವೆಂಬರಿನಲ್ಲಿ ಬ್ರೋಕರುಗಳ ತಾಂತ್ರಿಕ ದೋಷಗಳ ಬಗ್ಗೆ ಹೊರಡಿಸಿದ ಸುತ್ತೋಲೆಯಲ್ಲಿ, ದೋಷವನ್ನು ಒಂದು ಗಂಟೆಯೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು, ಮರುದಿನದೊಳಗೆ ಪ್ರಾಥಮಿಕ ವರದಿ, 14 ದಿನದೊಳಗೆ ಕಾರಣ ವಿಶ್ಲೇಷಣೆ ಕೊಡಬೇಕು ಎಂದು ಗೊತ್ತುಪಡಿಸಿತ್ತು. ಇಂಥ ನಿಯಮಗಳು ಕಾಲಕಾಲಕ್ಕೆ ಪರಿಷ್ಕಾರವಾಗುತ್ತವೆ. ಜಾರಿಯಲ್ಲಿರುವ ಸುತ್ತೋಲೆಯನ್ನು ನೀವೇ ಓದಿ ತಿಳಿದಿರಬೇಕು. ನಿಮಿಷ ನಿಮಿಷದ ವಿವರದೊಂದಿಗೆ, ಊಹೆಯನ್ನೂ ಸಾಕ್ಷ್ಯವನ್ನೂ ಬೆರೆಸದೆ, ಯಾರ ಮೇಲೂ ಬೆರಳು ತೋರಿಸದೆ ಬರೆಯುವವರು ಪ್ರತಿ ತಂಡದಲ್ಲೂ ವಿರಳ. ಅವರನ್ನೇ ಮುಂದಿನ ದೊಡ್ಡ ಕೆಲಸಕ್ಕೆ ಕರೆಯುತ್ತಾರೆ.

ಕೆಲಸ ಎಲ್ಲಿ, ಹೇಗೆ

ಕರ್ನಾಟಕದವರಿಗೆ ಈ ವಿಷಯದಲ್ಲಿ ಅನುಕೂಲವಿದೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಜೆಪಿ ಮೋರ್ಗನ್, ಮೋರ್ಗನ್ ಸ್ಟಾನ್ಲಿಯಂಥ ಬ್ಯಾಂಕುಗಳ ತಾಂತ್ರಿಕ ತಂಡಗಳೂ ಇಲ್ಲಿವೆ. ದೇಶದ ದೊಡ್ಡ ಬ್ರೋಕರ್ ಸಂಸ್ಥೆಗಳಾದ ಜೆರೋಧಾ ಮತ್ತು ಗ್ರೋ ಇಲ್ಲಿಯವೇ. ವಿನಿಮಯ ಕೇಂದ್ರಗಳು, ಕ್ಲಿಯರಿಂಗ್ ಸಂಸ್ಥೆಗಳಲ್ಲಿ ಕೆಲಸ ಬೇಕೆಂದರೆ ಮುಂಬೈಗೆ ಹೋಗಬೇಕು. ವಿದೇಶಿ ಬ್ಯಾಂಕಿನಲ್ಲಿ ನಿಮಗೆ ಸಿಗುವುದು ಒಂದು ದೊಡ್ಡ ವ್ಯವಸ್ಥೆಯ ಸಣ್ಣ ಭಾಗ, ಆದರೆ ಶಿಸ್ತು ಚೆನ್ನಾಗಿ ಮೈಗೂಡುತ್ತದೆ. ದೇಶೀ ಬ್ರೋಕರ್ ಸಂಸ್ಥೆಯಲ್ಲಿ ಆರ್ಡರಿನ ಹಾದಿಯನ್ನು ಮೊದಲಿಂದ ಕೊನೆಯವರೆಗೆ ಕಣ್ಣಾರೆ ನೋಡಬಹುದು. ಮೊದಲ ಕೆಲಸಕ್ಕೆ ಎರಡೂ ಸಿಕ್ಕರೆ ನಾನು ಎರಡನೆಯದನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಐಟಿ ಸೇವಾ ಕಂಪನಿಯ ಮೂಲಕ ಬ್ಯಾಂಕಿನ ಯೋಜನೆಗೆ ಹೋಗುವುದು ಮೂರನೆಯ ದಾರಿ. ಯಾವ ಯೋಜನೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲವಾದ್ದರಿಂದ ಟ್ರೇಡಿಂಗ್ ಯೋಜನೆಯನ್ನೇ ಬಾಯಿಬಿಟ್ಟು ಕೇಳಬೇಕು.

ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ತಾಂತ್ರಿಕ ಭಾಗ ಭಾರವಾಗುವುದಿಲ್ಲ. ಲಂಡನ್ನಿನ ಟ್ರೇಡರ್ ಒಬ್ಬ ಫೋನಿನಲ್ಲಿ ಬಿರುಸಾಗಿ ಮಾತನಾಡುವಾಗ ಉತ್ತರಿಸುವುದು ಭಾರವಾಗುತ್ತದೆ. ಇದಕ್ಕೆ ಚೆಂದದ ಇಂಗ್ಲಿಷ್ ಬೇಕಿಲ್ಲ. ಕೇಳಿದ್ದನ್ನು ಒಂದು ವಾಕ್ಯದಲ್ಲಿ ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು, ಗೊತ್ತಿರುವುದನ್ನು ಒಂದು ವಾಕ್ಯದಲ್ಲಿ ಹೇಳುವುದು, ಎಷ್ಟು ಹೊತ್ತಿಗೆ ಮರಳಿ ಕರೆಯುತ್ತೇನೆಂದು ಒಂದು ವಾಕ್ಯದಲ್ಲಿ ಹೇಳುವುದು, ಇಷ್ಟನ್ನು ಸ್ನೇಹಿತರೊಡನೆ ಗಟ್ಟಿಯಾಗಿ ಆಡಿ ಅಭ್ಯಾಸ ಮಾಡಿದರೆ ಮೊದಲ ವರ್ಷ ದಾಟುತ್ತದೆ. ಸಂದರ್ಶನದಲ್ಲಿ ಆರ್ಡರ್ ತಿರಸ್ಕೃತವಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ಲಾಗ್ ನೋಡುತ್ತೇನೆ ಎಂದು ನಿಲ್ಲಿಸದೆ, ಒಬ್ಬ ಟ್ರೇಡರದ್ದೋ ಎಲ್ಲರದ್ದೋ, ಒಂದೇ ಷೇರೋ ಎಲ್ಲವೋ, ಯಾವ ಹೊತ್ತಿನಿಂದ ಎಂದು ಮರುಪ್ರಶ್ನೆ ಹಾಕಿ.

ಕೆಲಸಕ್ಕೆ ಸೇರಿದ ದಿನವೇ ತಿಳಿಯಬೇಕಾದ ಕಟ್ಟುನಿಟ್ಟಿನ ವಿಷಯವೊಂದಿದೆ. ಸಪೋರ್ಟ್ ಕೆಲಸದಲ್ಲಿ ಗ್ರಾಹಕರ ಆರ್ಡರುಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಆ ಮಾಹಿತಿಯಿಂದ ಸ್ವಂತಕ್ಕೆ ಷೇರು ಕೊಳ್ಳುವುದು, ಮನೆಯವರಿಗೆ, ಗೆಳೆಯರಿಗೆ ಸುಳಿವು ಕೊಡುವುದು ವೃತ್ತಿಯನ್ನಷ್ಟೇ ಅಲ್ಲ, ಕಾನೂನನ್ನೂ ಮೀರಿದ ಅಪರಾಧವಾಗಬಹುದು. ಬ್ಯಾಂಕುಗಳಲ್ಲಿ ಉದ್ಯೋಗಿಗಳು ಸ್ವಂತ ಷೇರು ವಹಿವಾಟಿಗೂ ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ. ನಿಮ್ಮ ಹಳೆಯ ಡಿಮ್ಯಾಟ್ ಖಾತೆಯ ವಿವರವನ್ನು ಕೇಳುವ ಮೊದಲೇ ಕೊಟ್ಟುಬಿಡಿ.

ಮೊದಲ ಎರಡು ವರ್ಷ ಎಲ್1, ಎಲ್2 ಎಂಬ ಸಪೋರ್ಟಿನ ಮೊದಲ ಹಂತಗಳಲ್ಲಿ ಟಿಕೆಟ್ ಮುಗಿಸುವುದರಲ್ಲೇ ಕಳೆಯುತ್ತವೆ. ಅಪಾಯವಿರುವುದು ಮೂರನೆಯ ವರ್ಷವೂ ಹಾಗೆಯೇ ಕಳೆದರೆ. ಮತ್ತೆ ಮತ್ತೆ ಬರುವ ಒಂದು ಟಿಕೆಟನ್ನು ಆರಿಸಿ, ಅದು ಮತ್ತೆಂದೂ ಬರದಂತೆ ಸ್ಕ್ರಿಪ್ಟ್ ಬರೆದೋ ಡೆವಲಪರುಗಳ ಬೆನ್ನು ಹತ್ತಿಯೋ ನಿವಾರಿಸಿ, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳಿ. ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಕೋಡ್ ಇಷ್ಟವಾದವರು ವ್ಯವಸ್ಥೆಗಳು ಕೈಕೊಡದಂತೆ ಕೋಡ್ ಬರೆದು ನೋಡಿಕೊಳ್ಳುವ ಎಸ್‌ಆರ್‌ಇ ಕೆಲಸಕ್ಕೆ, ಗ್ರಾಹಕರೊಡನೆ ಮಾತು ಇಷ್ಟವಾದವರು ಫಿಕ್ಸ್ ಸಂಪರ್ಕ ಕೂಡಿಸುವ ಆನ್‌ಬೋರ್ಡಿಂಗ್ ಕೆಲಸಕ್ಕೆ, ಮಾರುಕಟ್ಟೆಯೇ ಇಷ್ಟವಾದವರು ರಿಸ್ಕ್ ಅಥವಾ ಬಿಸಿನೆಸ್ ಅನಾಲಿಸ್ಟ್ ಕೆಲಸಕ್ಕೆ ಹೋಗುತ್ತಾರೆ. ಟ್ರೇಡಿಂಗ್ ಡೆಸ್ಕಿನ ಪಕ್ಕದಲ್ಲೇ ಕೂತು ಸಪೋರ್ಟ್ ಕೊಡುವ ಹುದ್ದೆಗಳು ಲಂಡನ್, ನ್ಯೂಯಾರ್ಕ್, ಸಿಂಗಪುರಗಳಲ್ಲಿವೆ. ಬೆಂಗಳೂರಿನ ತಂಡಗಳಿಂದ ಅಲ್ಲಿಗೆ ಹೋದವರು ಬಹಳ.

ಆಫರ್ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಯಾವ ಮಾರುಕಟ್ಟೆಗೆ ಸಪೋರ್ಟ್, ಪಾಳಿ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತದೆ, ರಾತ್ರಿ ಪಾಳಿಯ ನಂತರ ಮನೆಗೆ ಕ್ಯಾಬ್ ಇದೆಯೇ, ಆನ್-ಕಾಲ್ ದಿನಗಳಿಗೆ ಪರಿಹಾರ ರಜೆಯಿದೆಯೇ, ನಮ್ಮ ಹಬ್ಬದ ದಿನ ವಿದೇಶಿ ಮಾರುಕಟ್ಟೆ ತೆರೆದಿದ್ದರೆ ರಜೆಯನ್ನು ಹೇಗೆ ಹಂಚುತ್ತಾರೆ. ಇದರ ಜೊತೆಗೆ, ಸಪೋರ್ಟ್ ತಂಡದವರಿಗೆ ಕೋಡ್ ನೋಡಲು ಅನುಮತಿಯಿದೆಯೇ, ದೊಡ್ಡ ತೊಂದರೆಯ ಕಾರಣ ವಿಶ್ಲೇಷಣೆಯನ್ನು ಯಾರು ಬರೆಯುತ್ತಾರೆ, ಹೋದ ಎರಡು ವರ್ಷದಲ್ಲಿ ಈ ತಂಡದಿಂದ ಬೇರೆ ತಂಡಕ್ಕೆ ಹೋದವರು ಯಾವ ಹುದ್ದೆಗೆ ಹೋದರು ಎಂದೂ ಕೇಳಿ. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಸಂಬಳ ತುಸು ಹೆಚ್ಚಿದ್ದರೂ ಇನ್ನೊಂದು ಸಂದರ್ಶನಕ್ಕೆ ಹೋಗಿ ಬನ್ನಿ.